ಸೊಟ್ಟ ಅಕ್ಷರದ ಬಾಗಿಲು

ಮೊನ್ನೆ ಪುಣೆಗೆ ಎರಡು ರೈಲು ಟಿಕೆಟ್ ತೆಗೆಯಲು ಮಗಳ ಕಂಪ್ಯೂಟರಿನ ಮುಂದೆ ಕುಳಿತೆ. ಹೆಸರು, ವಯಸ್ಸು, ಗಂಡೋ ಹೆಣ್ಣೋ ಎಲ್ಲವನ್ನೂ ವಿಚಾರಿಸಿಕೊಂಡ ಮೇಲೆ ಆ ಯಂತ್ರ ಪರದೆಯ ಮೇಲೆ ಒಂದಿಷ್ಟು ಇಂಗ್ಲಿಷ್ ಅಕ್ಷರಗಳನ್ನು ಚೆಲ್ಲಿತು. ಒಂದು ಅಕ್ಷರ ಮಲಗಿತ್ತು, ಇನ್ನೊಂದು ಕುಡಿದವನಂತೆ ವಾಲಿತ್ತು, ಮಿಕ್ಕವುಗಳ ಮೈಮೇಲೆ ಯಾರೋ ಸಿಟ್ಟಿನಿಂದ ಗೀಚಿದ ಗೆರೆಗಳಿದ್ದವು. ಇವನ್ನು ಓದಿ, ಹಾಗೆಯೇ ಟೈಪು ಮಾಡಿ ತೋರಿಸಿದರೆ ನಾನು ಯಂತ್ರವಲ್ಲ, ಮನುಷ್ಯ ಎಂದು ಸಿದ್ಧವಾಗುತ್ತದೆಯಂತೆ. ಹುಕ್ಕೇರಿಯ ತಹಶೀಲ್ದಾರ ಕಚೇರಿಯ ಎದುರು, ಬೇವಿನ ಮರದ ಬುಡದಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಇಡೀ ಆಯುಷ್ಯ ಅರ್ಜಿ ಬರೆದವನು ನಾನು. ಜಾತಿಗೆ, ಆದಾಯಕ್ಕೆ, ಬದುಕಿರುವುದಕ್ಕೆ, ಸತ್ತಿರುವುದಕ್ಕೆ ಪ್ರಮಾಣಪತ್ರ ಬೇಡುವ ಅರ್ಜಿಗಳನ್ನು ಬರೆದಿದ್ದೇನೆ. ಮನುಷ್ಯನಾಗಿರುವುದಕ್ಕೆ ಪ್ರಮಾಣಪತ್ರ ಬೇಕೆಂದು ಮಾತ್ರ ಯಾರೂ ಬಂದಿರಲಿಲ್ಲ. ಆ ಕಾಲವೂ ಬಂತು.

ಓದಿದೆ, ಹೊಡೆದೆ, ಪಾಸಾದೆ. ಸಂತೋಷವೇನೂ ಆಗಲಿಲ್ಲ. ಆ ಸೊಟ್ಟ ಅಕ್ಷರಗಳನ್ನು ಕಂಡಾಗಲೆಲ್ಲ ನನಗೆ ಹಾದಿಯಲ್ಲಿ ಹಳೆಯ ವೈರಿ ಎದುರಾದಂತಾಗುತ್ತದೆ. ಎರಡು ಟಿಕೆಟ್ಟುಗಳಲ್ಲಿ ಒಂದು ನನ್ನದು, ಇನ್ನೊಂದು ಮೂಡಲಗಿಯ ಅಣ್ಣಾಸಾಹೇಬನದು. ಆ ಅಕ್ಷರಗಳು ಅವನಿಗೆ ಮಾಡಿದ್ದನ್ನು, ಅದಕ್ಕೂ ಮೊದಲು ಆ ಅಕ್ಷರಗಳಿಗಾಗಿ ಅವನು ಮಾಡಿದ್ದನ್ನು ಹೇಳಬೇಕು. ಸ್ವಲ್ಪ ಸುತ್ತು ಹಾಕಿಯೇ ಹೇಳುತ್ತೇನೆ. ಹುಕ್ಕೇರಿಯಿಂದ ಗೋಕಾಕಕ್ಕೆ ಹೋಗುವ ಬಸ್ಸುಗಳೂ ಹಾಗೆಯೇ ಹೋಗುತ್ತವೆ, ಯಾರೂ ದೂರು ಕೊಡುವುದಿಲ್ಲ.

ಅಣ್ಣಾಸಾಹೇಬ ನನ್ನ ಬಾಲ್ಯದ ಗೆಳೆಯ. ಮೂಡಲಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟ ಜೈನ ಮನೆತನದವನು. ಮನೆಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ಬೈಗುಳ ಎರಡರಲ್ಲೂ. ಓದುವುದಕ್ಕೆಂದು ಅವನನ್ನು ಹುಕ್ಕೇರಿಯಲ್ಲಿ ಮಾವಶಿಯ, ಅಂದರೆ ತಾಯಿಯ ತಂಗಿಯ ಮನೆಯಲ್ಲಿ ಇಟ್ಟಿದ್ದರು. ಸಂಜೆ ಕೋಟೆಯ ಬಯಲಿನಲ್ಲಿ ನಮ್ಮ ಚಿಣಿಫಣಿ, ಅಂದರೆ ಚಿನ್ನಿದಾಂಡು ಆಟ. ಆಟಕ್ಕೆ ರಂಗು ಬರುವುದು ಬಿಸಿಲು ಇಳಿದ ಮೇಲೆ. ಸರಿಯಾಗಿ ಆ ಹೊತ್ತಿಗೆ, ಸೂರ್ಯ ಕಬ್ಬಿನ ತುದಿಯ ಸೂಲಂಗಿಯ ಮಟ್ಟಕ್ಕೆ ಬಂದ ಕೂಡಲೇ, ಅಣ್ಣಾಸಾಹೇಬ ಕೋಲು ಬಿಸಾಕಿ ಮನೆಯ ಕಡೆ ಓಡುತ್ತಿದ್ದ. ಅವನ ಪಾಳಿ ಬಂದಿರಲಿ, ಅವನೇ ಗೆಲ್ಲುತ್ತಿರಲಿ, ನಿಲ್ಲುತ್ತಿರಲಿಲ್ಲ.

ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ದೀಪಕ್ಕೆ ಬರುವ ಹುಳುಹುಪ್ಪಟೆ ತುತ್ತಿನೊಳಗೆ ಬಿದ್ದು ಜೀವಹಿಂಸೆಯಾದೀತೆಂಬ ಕರುಣೆ. ಹೀಗಾಗಿ ಅವನು ಓಡುವುದಕ್ಕೆ ಯಾರೂ ಕಾರಣ ಕೇಳಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು. ಒಂದು ಊರಿಗೆ ಕಾರಣ ಗೊತ್ತಿದೆಯೆಂದರೆ ಆಮೇಲೆ ಆ ಊರು ಕಣ್ಣು ತೆರೆದು ನೋಡುವ ಕಷ್ಟ ತೆಗೆದುಕೊಳ್ಳುವುದಿಲ್ಲ. ನಮ್ಮ ಮಾಸ್ತರರು ವರ್ಗದಲ್ಲಿ ಅವನನ್ನು ಎದ್ದು ನಿಲ್ಲಿಸಿ, "ನೋಡ್ರಲೇ, ಸಂಸ್ಕಾರ ಅಂದ್ರ ಇದು. ನೀವ್ಯಾಕ ಸಂಜಿಮುಂದ ಹಂದಿ ತಿರಗಿದಂಗ ತಿರಗತೀರಿ?" ಎಂದು ಕೇಳುತ್ತಿದ್ದರು. ನನ್ನ ತಾಯಿಯೂ ಅವನ ಹೆಸರು ಹಿಡಿದೇ ನನ್ನನ್ನು ಬೈಯುತ್ತಿದ್ದಳು.

ಒಮ್ಮೆ ಮಾತ್ರ ಮೋಡದಲ್ಲಿ ಹೊತ್ತು ತಿಳಿಯದೆ ಅವನು ಹೊರಡುವುದು ತಡವಾಗಿ, ಓಣಿಯಲ್ಲಿ ಮಸುಕು ಕವಿದಿತ್ತು. ದಾರಿಗಡ್ಡ ಮಲಗಿ ಮೆಲುಕು ಹಾಕುತ್ತಿದ್ದ ಎಮ್ಮೆಗೆ ಎಡವಿ ಬಿದ್ದ ಅಣ್ಣಾಸಾಹೇಬ, ಎದ್ದು ಕೈಮುಗಿದು, "ತಪ್ಪಾತ್ರಿ ಅಜ್ಜಾರ, ಕಾಲ ಹತ್ತಿತು," ಎಂದ. ಎಮ್ಮೆ ಕ್ಷಮಿಸಿತು. ನಾವು ಕ್ಷಮಿಸಲಿಲ್ಲ, ಎಮ್ಮೆಗೂ 'ರಿ' ಹಚ್ಚಿ ಮಾತಾಡುವವನೆಂದು ವರ್ಷಗಟ್ಟಲೆ ನಕ್ಕೆವು. ಹಿರಿಯರು ಅದನ್ನೂ ಅವನ ವಿನಯದ ಖಾತೆಗೆ ಜಮಾ ಮಾಡಿದರು. ಆ ಎಮ್ಮೆ ಅವನಿಗೆ ಕಂಡಿರಲಿಲ್ಲ ಎಂಬ ಸರಳ ಸಂಗತಿ ಒಬ್ಬರಿಗೂ ಹೊಳೆಯಲಿಲ್ಲ.

ಅದು ಹೊಳೆದದ್ದು ಅವನ ಹೆಂಡತಿಗೆ, ಅದೂ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ. ಆಕೆಯ ಹೆಸರು ಪದ್ಮಾವತಿ. ಗೆಳೆಯನ ಹೆಂಡತಿಯಾದ್ದರಿಂದ ನನಗೆ ವೈನಿ. ಅಣ್ಣಾಸಾಹೇಬ ಹಾಡುಹಗಲೇ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳತೊಡಗಿದಾಗ ಆಕೆ ಹಟ ಹಿಡಿದು ಅವನನ್ನು ಮೀರಜಿನ ಕಣ್ಣಿನ ವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತ ಬರುವ ರೋಗ, ಹುಟ್ಟಿನಿಂದಲೇ ಬಂದದ್ದು, ಮೊದಲು ರಾತ್ರಿ ಹೋಗುತ್ತದೆ, ಆಮೇಲೆ ಅಕ್ಕಪಕ್ಕ ಹೋಗುತ್ತದೆ, ನಡುವಿನದು ಕಡೆಗೆ ಹೋಗುತ್ತದೆ, ಔಷಧ ಸದ್ಯಕ್ಕೆ ಇಲ್ಲ ಎಂದು ವೈದ್ಯರು ಹೇಳಿದರು. ತಿರುಗಿ ಬಂದ ಮೇಲೆ ವೈನಿ ನನ್ನೆದುರು ಚಹಾ ಇಟ್ಟು ಅಂದಳು:

"ನೋಡ್ರಿ ಬಸಲಿಂಗಣ್ಣಾರ, ಇವರು ದೇವರಿಗೆ ಅಂಜಿ ಜಲ್ದಿ ಮನಿಗಿ ಬರ್ತಾರಂತ ಇಷ್ಟ ದಿನಾ ನಾ ತಿಳದಿದ್ನಿ. ಕತ್ತಲಿಗೆ ಅಂಜಿ ಬರ್ತಿದ್ರು."

ಅಣ್ಣಾಸಾಹೇಬ ಬಸಿಯಲ್ಲಿ ಚಹಾ ಆರಿಸುತ್ತಿದ್ದ. "ಅಂಜಬುರಕ ಅನಿಸಿಕೊಳ್ಳೂಕಿಂತ ಧರ್ಮಿಷ್ಠ ಅನಿಸಿಕೊಳ್ಳೂದು ಚಲೋ ಅಲ್ಲೇನ?" ಎಂದ.

ಹೀಗೆ ಹೇಳಿದನೇ ಹೊರತು, 'ಸದ್ಯಕ್ಕೆ' ಎಂಬ ವೈದ್ಯರ ಒಂದು ಶಬ್ದವನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ. ಸದ್ಯಕ್ಕೆ ಇಲ್ಲ ಎಂದರೆ ಮುಂದೆ ಬಂದೀತು. ಎಲ್ಲೋ ಯಾರೋ ಕಂಡುಹಿಡಿಯುತ್ತಿರಬೇಕು. ತನ್ನದು ಪೂರ್ತಿ ಕತ್ತಲಾಗುವುದರೊಳಗೆ ಅವರು ಮುಗಿಸುತ್ತಾರೋ ಇಲ್ಲವೋ, ಇಷ್ಟೇ ಅವನಿಗೆ ತಿಳಿಯಬೇಕಾಗಿತ್ತು. ಇದನ್ನು ಮೂಡಲಗಿಯಲ್ಲಿ ಯಾರನ್ನು ಕೇಳುವುದು? ಅಲ್ಲಿಯವರಿಗೆ ಗೊಬ್ಬರದ ಭವಿಷ್ಯವೇ ಗೊತ್ತಿರಲಿಲ್ಲ.

ಆಗ ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದೆ, ಒಂದು ಕರದಂಟಿನ ಅಂಗಡಿಯ ಮಾಳಿಗೆಯ ಮೇಲೆ ಶೋಭಕ್ಕನ ಟೆಲಿಫೋನ್ ಬೂತು ಇತ್ತು. ಜನರ ಕಿಸೆಗೆ ಮೊಬೈಲು ಬಂದು ಬೂತು ಬಣಗುಡತೊಡಗಿದಾಗ ಆಕೆ ಎಲ್ಲಿಂದಲೋ ಹಳೆಯ ಕಂಪ್ಯೂಟರುಗಳನ್ನು ತಂದು ಸಾಲಾಗಿ ಇಟ್ಟು, ಬೋರ್ಡಿನ ಮೇಲೆ ಇಂಟರ್‌ನೆಟ್ ಎಂದು ಬರೆಸಿದಳು. ರವಿವಾರ ನನ್ನ ಕಚೇರಿಗೂ ಸೂಟಿ, ಅಂದರೆ ಬೇವಿನ ಮರಕ್ಕೂ ಸೂಟಿ. ನಾನು ಹುಕ್ಕೇರಿಯಿಂದ, ಅವನು ಮೂಡಲಗಿಯಿಂದ ಬಸ್ಸು ಹತ್ತಿ ಗೋಕಾಕದಲ್ಲಿ ಕೂಡುತ್ತಿದ್ದೆವು. ಮೆಟ್ಟಿಲು ಕತ್ತಲಾಗಿದ್ದರಿಂದ ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ಹತ್ತುತ್ತಿದ್ದ. ನೋಡಿದವರಿಗೆ ಚುನಾವಣೆಗೆ ನಿಂತ ಇಬ್ಬರು ಉಮೇದುವಾರರು ರಾಜಿಯಾದಂತೆ ಕಾಣಿಸಬೇಕು. ಕೆಳಗಿನಿಂದ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಬರುತ್ತಿತ್ತು. ಮೊದಮೊದಲು ಒಂದು ಪುಟ ತೆರೆಯಬೇಕಾದರೆ, ಮದುವೆಯಲ್ಲಿ ಅಂತರಪಟ ಸರಿಸುವುದಕ್ಕಿಂತಲೂ ಹೆಚ್ಚು ಕಾಯಬೇಕಾಗುತ್ತಿತ್ತು. ಮೇಲಿನ ಅರ್ಧ ಕಾಣುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು.

ಅಲ್ಲಿ ನಮಗೊಂದು ಚಾವಡಿ ಸಿಕ್ಕಿತು. ಅದಕ್ಕೆ ಇಂಗ್ಲಿಷಿನಲ್ಲಿ ಬೇರೆ ಹೆಸರಿತ್ತು. ನಾವು ಚಾವಡಿ ಎನ್ನುತ್ತಿದ್ದೆವು. ಜಗತ್ತಿನ ಬೇರೆಬೇರೆ ಮೂಲೆಗಳ, ಮುಖವಿಲ್ಲದ ಜನ ಅಲ್ಲಿ ಸೇರಿ ಹೊಸ ಯಂತ್ರಗಳ ಬಗ್ಗೆ, ವಿಜ್ಞಾನದ ಸುದ್ದಿಗಳ ಬಗ್ಗೆ, ಇಂಟರ್‌ನೆಟ್ಟು ಯಾರ ಸ್ವತ್ತು, ಅದಕ್ಕೆ ಕಾಯ್ದೆ ಬೇಕೋ ಬೇಡವೋ ಎಂಬುದರ ಬಗ್ಗೆ ಜಗಳಾಡುತ್ತಿದ್ದರು. ಒಬ್ಬರೂ ಒಬ್ಬರ ಮಾತನ್ನೂ ಒಪ್ಪುತ್ತಿರಲಿಲ್ಲ. ನಮಗೆ ಮನೆಗೆ ಬಂದಂತಾಯಿತು.

ಆದರೆ ಕಾಣದ ದೊಡ್ಡವರಿಗೆ ಬರೆಯುವ ಪದ್ಧತಿ ನನಗೆ ಗೊತ್ತಿದ್ದದ್ದು ಒಂದೇ. ಮೊದಲು ಕೆಳಗೆ ಚಹಾದಂಗಡಿಯಲ್ಲಿ ಕುಳಿತು ಇಬ್ಬರೂ ವಾದಿಸಿ ಒಂದು ಅಭಿಪ್ರಾಯಕ್ಕೆ ಬರುತ್ತಿದ್ದೆವು. ಅದನ್ನು ಅಣ್ಣಾಸಾಹೇಬ ಬಾಯಲ್ಲಿ ಹೇಳುತ್ತಿದ್ದ, ನಾನು ಅರ್ಜಿಯ ಇಂಗ್ಲಿಷಿಗೆ ಇಳಿಸುತ್ತಿದ್ದೆ. ಮಾನ್ಯರೆ, ತಮ್ಮ ಪಾದಾರವಿಂದಗಳಲ್ಲಿ ಸವಿನಯವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ಎಂದು ಆರಂಭ. ಈ ಬಡವರ ಮನವಿಯನ್ನು ದಯಾಪರರಾದ ತಾವು ಪುರಸ್ಕರಿಸಬೇಕೆಂದು ಮುಕ್ತಾಯ. ಕೆಳಗೆ ತಮ್ಮ ವಿಧೇಯರು, ಹುಕ್ಕೇರಿ ಎಂದು ಇಬ್ಬರಿಗೂ ಸೇರಿ ಒಂದೇ ಹೆಸರು. ನಡುವಿನ ಎರಡು ಸಾಲು ಮಾತ್ರ ವಾರವಾರಕ್ಕೆ ಬದಲಾಗುತ್ತಿತ್ತು. ಟೈಪ್‌ರೈಟರಿನ ಅಭ್ಯಾಸಕ್ಕೆ ನಾನು ಕೀಲಿಗಳನ್ನು ಎತ್ತಿ ಎತ್ತಿ ಹೊಡೆಯುತ್ತಿದ್ದೆ. "ಕಾಕಾ, ಹಗೂರಕ್ಕ ಬಡೀರಿ. ಜ್ವಾಳಾ ಕುಟ್ಟಾಕ ಬಂದೀರೇನ?" ಎಂದು ಶೋಭಕ್ಕ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೂಗುತ್ತಿದ್ದಳು.

ಪ್ಲೂಟೊ ಇನ್ನು ಗ್ರಹವಲ್ಲ ಎಂಬ ಸುದ್ದಿ ಬಂದಾಗ ಚಾವಡಿಯಲ್ಲಿ ದೊಡ್ಡ ಗದ್ದಲವಾಯಿತು. ಅಣ್ಣಾಸಾಹೇಬನ ನಿಲುವು ಸ್ಪಷ್ಟವಾಗಿತ್ತು.

"ಒಮ್ಮಿ ಉತಾರದಾಗ ಹೆಸರ ಹತ್ತಿದ ಮ್ಯಾಲ ಹಂಗ ಕಡ್ಯಾಕ ಬರೂದಿಲ್ಲೋ ಬಸ್ಯಾ. ಸಂಬಂಧಪಟ್ಟವರಿಗೆ ನೋಟೀಸ ಕೊಟ್ಟಾರೇನ ಕೇಳು."

ಉತಾರ ಎಂದರೆ ಹೊಲದ ಪಹಣಿ. ಪ್ಲೂಟೊಗೆ ನೋಟೀಸು ಜಾರಿ ಮಾಡದೆ, ಅದರ ಹೇಳಿಕೆ ಪಡೆಯದೆ, ಹೆಸರು ಕಡಿಮೆ ಮಾಡಿದ್ದು ನೈಸರ್ಗಿಕ ನ್ಯಾಯಕ್ಕೆ ವಿರುದ್ಧವೆಂದು ನಾನು ಸವಿನಯವಾಗಿ ಬಿನ್ನವಿಸಿಕೊಂಡೆ. ಮುಂದಿನ ರವಿವಾರ ಹೋಗಿ ನೋಡಿದರೆ ನಮ್ಮ ಮನವಿ ಅಲ್ಲಿರಲಿಲ್ಲ. ಅದಕ್ಕೂ ಹಿಂದಿನವು ಕೂಡ ಇರಲಿಲ್ಲ. ಕಸ ಗುಡಿಸಲಿಕ್ಕೆಂದು ಚಾವಡಿಯವರು ಒಂದು ಕಾವಲು ಯಂತ್ರವನ್ನು ಇಟ್ಟಿದ್ದರು. ಪ್ರತಿ ವಾರವೂ ಅದೇ ಆರಂಭ, ಅದೇ ಮುಕ್ತಾಯ ಕಂಡು, ಇದನ್ನು ಯಾವುದೋ ಯಂತ್ರ ಬರೆಯುತ್ತಿದೆ ಎಂದು ಅದು ತೀರ್ಮಾನಿಸಿ ಎತ್ತಿ ಬಿಸಾಡಿತ್ತು. ಅರ್ಜಿ ತಿರುಗಿ ಬಂದರೆ ಇನ್ನೊಂದು 'ಸವಿನಯ' ಸೇರಿಸಬೇಕೆಂಬುದು ನನ್ನ ವೃತ್ತಿಯ ಅನುಭವ. ಸೇರಿಸಿದೆ. ಅದನ್ನೂ ಬಿಸಾಡಿತು. ಎರಡು ಸೇರಿಸಿದೆ. ಆಗ ಯಾರೋ ಒಬ್ಬ ಸದಸ್ಯರು, ಈ ಹುಕ್ಕೇರಿ ಎಂಬ ಯಂತ್ರವನ್ನು ಯಾರಾದರೂ ಆರಿಸುತ್ತೀರಾ ಎಂದು ಕೇಳಿದರು.

ನಮ್ಮ ಪರವಾಗಿ ಮಾತಾಡಿದವರು ಒಬ್ಬರೇ. ಅವರ ಊರು ಗೊತ್ತಿಲ್ಲ, ಗಂಡೋ ಹೆಣ್ಣೋ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಬೂದು ಬಣ್ಣದ ಒಂದು ಕೊಕ್ಕರೆಯ ಹೆಸರಿಟ್ಟುಕೊಂಡಿದ್ದರು. ನಮ್ಮ ಬಾಯಲ್ಲಿ ಕೊಕ್ಕರೆ. ಇವರು ಮನುಷ್ಯರೇ ಇರಬೇಕು, ಏನೂ ಲಾಭವಿಲ್ಲದೆ ಇಷ್ಟೊಂದು ನಮಸ್ಕಾರ ಮಾಡುವುದು ಯಂತ್ರಕ್ಕೆ ಸಾಧ್ಯವಿಲ್ಲ, ಎಂದು ಅವರು ಬರೆದರು. ಅಷ್ಟಕ್ಕೆ ನಮಗೆ ಮನುಷ್ಯತ್ವ ಮಂಜೂರಾಯಿತು.

ಆ ಕೊಕ್ಕರೆಗೂ ಅಣ್ಣಾಸಾಹೇಬನದೇ ರೋಗ. ಅವರದು ಎಂದೋ ಪೂರ್ತಿ ಕತ್ತಲಾಗಿತ್ತು. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಸಾಧನ ಇಟ್ಟುಕೊಂಡು ಚಾವಡಿಗೆ ಬರುತ್ತಿದ್ದರು. ಕಣ್ಣಿನ ಹಿಂಪರದೆಗೆ ಒಂದು ಸಣ್ಣ ಎಲೆಕ್ಟ್ರಾನಿಕ್ ಚಿಪ್ ಕೂಡಿಸಿ ಮತ್ತೆ ಬೆಳಕು ಕಾಣಿಸುವ ಪ್ರಯೋಗ ನಡೆದಿದೆಯೆಂದು ನಮಗೆ ಮೊದಲು ತಿಳಿಸಿದವರು ಅವರೇ. ಪ್ರಯೋಗಕ್ಕೆ ಒಳಗಾದವರಲ್ಲಿ ಒಬ್ಬರು ತಮಗೆ ಪರಿಚಯವೆಂದೂ ಬರೆದಿದ್ದರು. ಅಣ್ಣಾಸಾಹೇಬ ನನ್ನ ಕೈಯಿಂದ ಕೇಳಿಸಿದ: ನಮ್ಮಂಥವರಿಗೆ ಅದು ಬರುತ್ತದೆಯೇ, ಬಂದರೆ ಯಾವಾಗ? 'ನಮ್ಮಂಥವರಿಗೆ' ಎಂಬುದನ್ನು ಆಮೇಲೆ ಹೊಡೆದುಹಾಕಿಸಿ 'ನನ್ನ ಪರಿಚಯದ ಒಬ್ಬರಿಗೆ' ಎಂದು ಮಾಡಿಸಿದ. ವಿಚಾರಿಸಿ ಖಂಡಿತ ತಿಳಿಸುತ್ತೇನೆ, ಸ್ವಲ್ಪ ಕಾಯಿರಿ ಎಂದು ಕೊಕ್ಕರೆ ಉತ್ತರಿಸಿತು.

ಆ ವಾರ ಅವನು ಕೆಳಗಿನ ಅಂಗಡಿಯಿಂದ ಕರದಂಟು ಕಟ್ಟಿಸಿಕೊಂಡು ಹೋದ. ವೈನಿ ಫೋನಿನಲ್ಲಿ ಕೇಳಿದಳು, "ಏನ ಸುದ್ದಿ ಬಸಲಿಂಗಣ್ಣಾರ, ಇವರು ಇವತ್ತ ನಕ್ಕೋತ ಬಂದಾರ?"

ಇಷ್ಟರಲ್ಲಿ ಚಾವಡಿಗೆ ಕೇಡು ಬಂತು. ಔಷಧಿ ಮಾರುವವರು, ಲಾಟರಿ ಹತ್ತಿದೆ ಎನ್ನುವವರು, ಆಫ್ರಿಕದ ಯಾವುದೋ ರಾಜನ ಆಸ್ತಿ ಹಂಚುವವರು, ಇವರ ಯಂತ್ರಗಳು ಹಿಂಡು ಹಿಂಡಾಗಿ ನುಗ್ಗಿದವು. ಒಂದು ಒಳ್ಳೆಯ ಮಾತಿನ ಸುತ್ತ ಸಂತೆಗಟ್ಟಲೆ ಕಸ. ನಮ್ಮಂಥ ನಿಧಾನದವರಿಗೆ ಕೊಕ್ಕರೆಯ ಬರಹ ಹುಡುಕುವುದರಲ್ಲೇ ತಾಸು ಮುಗಿಯುತ್ತಿತ್ತು. ಚಾವಡಿಯ ಹಿರಿಯರು ಒಂದು ಸಲಹೆ ಇಟ್ಟರು: ಇನ್ನು ಮುಂದೆ ಒಳಗೆ ಬರುವವರೆಲ್ಲ ಚಿತ್ರದಲ್ಲಿ ತೋರಿಸಿದ ಸೊಟ್ಟ ಅಕ್ಷರಗಳನ್ನು ಓದಿ ಬರೆಯಬೇಕು. ಯಂತ್ರಕ್ಕೆ ಓದಲು ಬರುವುದಿಲ್ಲ, ಮನುಷ್ಯನಿಗೆ ಬರುತ್ತದೆ. ಬೇಕು, ಬೇಡ ಎಂದು ಎಲ್ಲರೂ ಮತ ಹಾಕಬೇಕು.

ಕೊಕ್ಕರೆ ಬೇಡ ಎಂದಿತು. ನನ್ನ ಸಾಧನ ಬರಹವನ್ನು ಓದುತ್ತದೆ, ಚಿತ್ರವನ್ನು ಓದಲಾರದು. ಈ ಬಾಗಿಲು ಇಟ್ಟರೆ ನನ್ನಂಥವರು ಹೊರಗೆ ಉಳಿಯುತ್ತೇವೆ ಎಂದು ಸಮಾಧಾನದಿಂದಲೇ ಬರೆದಿತ್ತು. ಅದನ್ನು ನಾನು ಅಣ್ಣಾಸಾಹೇಬನಿಗೆ ಕನ್ನಡದಲ್ಲಿ ಹೇಳಿದೆ. ಅವನು ಚಹಾದ ಗ್ಲಾಸಿನ ಅಂಚು ಸವರಿದ.

"ಬೇಕು ಅಂತ ಬರಿ," ಎಂದ.

"ಕೊಕ್ಕರಿ ಗತಿ ಏನೋ?"

"ಅಡತಿ ಅಂಗಡಿಗಿ ಬಾಗಲ ಇರಬೇಕೋ ಬ್ಯಾಡೋ? ಬಾಗಲಿಲ್ಲಂದ್ರ ದನಾನೂ ಬರ್ತಾವ, ಕಳ್ಳರೂ ಬರ್ತಾರ."

"ಹಂಗಲ್ಲೋ. ಅವರಿಗೆ ಕಣ್ಣ ಕಾಣೂದಿಲ್ಲ."

"ನನಗ ಕಾಣತೈತಲ್ಲ," ಎಂದ ಅಣ್ಣಾಸಾಹೇಬ. "ನಾ ಅವರ ಪೈಕಿ ಅಲ್ಲ. ಬೇಕು ಅಂತ ಬರಿ."

ಬೇಡ ಎಂದು ಮತ ಹಾಕುವುದೆಂದರೆ ಕೊಕ್ಕರೆಯ ಪಕ್ಕದಲ್ಲಿ ಹೋಗಿ ನಿಂತಂತೆ. ಅವನು ಜೀವಮಾನವಿಡೀ ಸಂಜೆಗೆ ಮುಂಚೆ ಓಡಿ ಓಡಿ ತಪ್ಪಿಸಿಕೊಂಡು ಬಂದದ್ದು ಆ ಜಾಗದಿಂದಲೇ. ನಾನು ಮೇಲೆ ಹೋಗಿ, ಬಾಗಿಲು ಅತ್ಯವಶ್ಯವಾಗಿ ಇರತಕ್ಕದ್ದೆಂದು ಸವಿನಯವಾಗಿ ಬಿನ್ನವಿಸಿಕೊಂಡೆ. ಬೇಕು ಎಂದವರು ಹೆಚ್ಚಾದರು. ಬಾಗಿಲು ಬಂತು.

ಮೊದಲ ರವಿವಾರ ಅಣ್ಣಾಸಾಹೇಬ ನನ್ನನ್ನು ಸರಿಸಿ ತಾನೇ ಪರದೆಯ ಮುಂದೆ ಕುಳಿತ. ಅವನಿಗಾಗಲೇ ನೋಟ ಎನ್ನುವುದು ಊದುಗೊಳವೆಯಲ್ಲಿ ಇಣುಕಿದಂತೆ ಆಗಿತ್ತು. ಆದರೂ ಹಗಲಿನಲ್ಲಿ ಒಂದೊಂದೇ ಅಕ್ಷರವನ್ನು ಆ ಕೊಳವೆಯೊಳಗೆ ಹಿಡಿದರೆ ಓದಬಹುದಾಗಿತ್ತು. ಓದಿದ. ಬಾಗಿಲು ತೆರೆಯಿತು.

"ಶೋಭಕ್ಕಾ, ಮೀರಜ ಡಾಕ್ಟರಗ ಹೇಳ್ರಿ, ಪಾಸಾಗೇನಿ ಅಂತ."

"ಪೇಢೆ ಯಾವಾಗ ಹಂಚತೀರಿ ಸಾವ್ಕಾರ?" ಎಂದಳು ಶೋಭಕ್ಕ.

ಅಂದಿನಿಂದ ಅದು ಅವನಿಗೆ ವಾರದ ಕಣ್ಣಿನ ತಪಾಸಣೆಯಾಯಿತು. ಚರ್ಚೆಯಲ್ಲಿ ಆಸಕ್ತಿ ಕಡಿಮೆಯಾಯಿತು. ಇಂಟರ್‌ನೆಟ್ಟಿನ ಮೇಲೆ ತೆರಿಗೆ ಹಾಕಲಿ ಬಿಡಲಿ, ಚಂದ್ರನ ಮೇಲೆ ನೀರು ಸಿಗಲಿ ಬಿಡಲಿ, ಅವನು ಬಾಗಿಲಲ್ಲಿ ಅಕ್ಷರ ಓದಿ, ಒಳಗೆ ಒಂದು ಕಾಲಿಟ್ಟು, ಸಮಾಧಾನದಿಂದ ಹೊರಗೆ ಬರುತ್ತಿದ್ದ. ಕೊಕ್ಕರೆ ಮಾತ್ರ ಕಾಣಿಸಲಿಲ್ಲ. ನಾನು ಕೇಳಿದಾಗೆಲ್ಲ, "ಊರಿಗೆ ಹೋಗಿರಬೇಕು, ಬರ್ತಾರ," ಎನ್ನುತ್ತಿದ್ದ. ಬರುವ ಬಾಗಿಲಿಗೆ ನಾವೇ ಅಗಳಿ ಹಾಕಿದ್ದೇವೆ ಎಂದು ಇಬ್ಬರಿಗೂ ಗೊತ್ತಿತ್ತು. ಅರ್ಜಿ ಬರೆಯುವವನಿಗೆ ಗೊತ್ತಿರುವುದೆಲ್ಲ ಬಾಯಿಗೆ ಬರುವುದಿಲ್ಲ.

ಮಳೆಗಾಲ ಕಳೆದು ಕಬ್ಬಿನ ಗಾಡಿಗಳು ರಸ್ತೆ ಹಿಡಿಯುವ ಹೊತ್ತಿಗೆ ಒಂದು ರವಿವಾರ ಬಾಗಿಲು ತೆರೆಯಲಿಲ್ಲ. ಅವನು ಇನ್ನೊಮ್ಮೆ ನೋಡಿದ. ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ, ಎಂದಿತು ಯಂತ್ರ. ಕುರ್ಚಿ ಮುಂದೆ ಎಳೆದುಕೊಂಡ, ಮೂಗು ಪರದೆಗೆ ತಾಗುವಂತೆ ಬಾಗಿದ. ಕಿಟಕಿ ತೆರೆಸಿದ. ಕನ್ನಡಕ ತೆಗೆದ, ಹಾಕಿದ. ಪ್ರತಿ ಸಲವೂ ಯಂತ್ರ ಬೇರೆ ಅಕ್ಷರಗಳನ್ನು ತೋರಿಸುತ್ತಿತ್ತು, ಪ್ರತಿ ಸಲವೂ ಅದೇ ಮರ್ಯಾದೆಯಿಂದ ಹೊರಗೆ ನಿಲ್ಲಿಸುತ್ತಿತ್ತು. ನಾನು ಹಿಂದೆ ನಿಂತಿದ್ದೆ. ನನಗೆ ಅವು ಸ್ಪಷ್ಟವಾಗಿ ಕಾಣುತ್ತಿದ್ದವು.

"ನಾ ಓದಲೇನೋ?"

"ಬ್ಯಾಡ."

"ಒಂದ ಅಕ್ಷರಾ ಅಷ್ಟ ಹೇಳ್ತೀನಿ."

"ಕಾಪಿ ಹೊಡದ ಪಾಸಾಗಾಕ ಹತ್ತನೇತ್ತಾ ಪರೀಕ್ಷಾ ಏನಲೇ ಇದು?" ಎಂದ. ದನಿಯಲ್ಲಿ ತಮಾಷೆ ಇತ್ತು, ಕೈ ಮಾತ್ರ ಮೌಸನ್ನು ಬಿಟ್ಟಿರಲಿಲ್ಲ.

ಶೋಭಕ್ಕ ತನ್ನ ಜಾಗದಿಂದ ಎದ್ದು ಬಂದಳು. ಆಕೆ ಎಂದೂ ಏಳುವವಳಲ್ಲ. "ಸಾವ್ಕಾರ, ಈ ಮಶೀನದ ಪರದೀನ ಹಾಳಾಗೇತ್ರಿ. ಮುಂದಿನ ವಾರ ಬರೋಬ್ಬರಿ ಮಾಡಸ್ತೀನಿ," ಎಂದಳು. ಮುಂದಿನ ವಾರ ಅವನು ಬರಲಿಲ್ಲ.

ಅವನಿಲ್ಲದೆ ನಾನೊಬ್ಬನೇ ಹೋಗಿ, ಮೊದಲ ಸಲಕ್ಕೇ ಮನುಷ್ಯನೆಂದು ಸಿದ್ಧನಾಗಿ, ಒಳಗೆ ಹೋದೆ. ಒಬ್ಬ ಸದಸ್ಯರು ನಮ್ಮ ಹೆಸರಿಗೆ ಒಂದು ಚೀಟಿ ಹಚ್ಚಿಟ್ಟಿದ್ದರು: ಕೊಕ್ಕರೆಯವರು ಬಾಗಿಲು ದಾಟಲಾಗದೆ ನನಗೆ ಬೇರೆ ದಾರಿಯಲ್ಲಿ ಹೇಳಿ ಕಳಿಸಿದ್ದಾರೆ, ನೀವು ಕೇಳಿದ್ದಕ್ಕೆ ಉತ್ತರ ಸಿಕ್ಕಿದೆಯಂತೆ, ಅದು ಇಲ್ಲಿ ಬರೆಯುವಂಥದ್ದಲ್ಲ, ನಿಮಗೇ ಹೇಳಬೇಕಂತೆ, ನಿಮ್ಮ ವಿಳಾಸ ಕೊಡಿ.

ಅವತ್ತೇ ಬಸ್ಸು ಹತ್ತಿ ಮೂಡಲಗಿಗೆ ಹೋಗಿ ಇದನ್ನು ಹೇಳಿದೆ. ಅಣ್ಣಾಸಾಹೇಬ ಅಂಗಡಿಯಲ್ಲಿ ಜೋಳದ ಬೀಜವನ್ನು ಬೆರಳಿನಲ್ಲಿ ಉರುಳಿಸಿ ನೋಡುತ್ತಿದ್ದ. ಈಗ ಅವನು ನೋಡುವುದೆಂದರೆ ಹಾಗೆ.

"ಯಾವ ಮಾರಿ ಇಟಗೊಂಡ ಕೇಳೂದೋ? ಅವರು ನಮ್ಮನ್ನ ಮನಷ್ಯಾರು ಅಂದ್ರು. ನಾವು ಅವರನ್ನ ಮಶೀನ ಮಾಡಿ ಹೊರಗ ಹಾಕಿದಿವಿ."

"ವಿಳಾಸ ಕೊಡಾಕ ಏನ ಆಗತೈತಿ? ಅವರೇನ ಸಿಟ್ಟಿನಿಂದ ಬರದಿಲ್ಲ."

"ಅದಕ ಮತ್ತೂ ಕಷ್ಟ," ಎಂದ.

ವೈನಿ ಒಳಗಿನಿಂದಲೇ, "ಕೊಟ್ಟ ಬಿಡ್ರಿ ಬಸಲಿಂಗಣ್ಣಾರ, ಇವರ ಮಾತ ಏನ ಕೇಳ್ತೀರಿ," ಎಂದಳು. ಕೊಡಬಹುದಾಗಿತ್ತು. ಆದರೆ ಸಹಿ ಹಾಕುವವನ ಒಪ್ಪಿಗೆಯಿಲ್ಲದೆ ಅರ್ಜಿ ಕಳಿಸುವುದು ನನ್ನ ವೃತ್ತಿಯಲ್ಲಿ ಮಹಾಪಾಪ. ಕಾದೆ. ಅವನು ಒಪ್ಪುವ ಹೊತ್ತಿಗೆ ಬೇಸಿಗೆ ಬಂತು. ಆ ರವಿವಾರ ಅವನನ್ನು ಕರೆದುಕೊಂಡೇ ಹೋದೆ. ಮೆಟ್ಟಿಲಲ್ಲಿ ನನ್ನ ಹೆಗಲ ಮೇಲಿನ ಕೈ ಭಾರವಾಗಿತ್ತು. ಕುಳಿತು, ನಾನು ವಾಡಿಕೆಯಂತೆ ಮಾನ್ಯರೆ ಎಂದು ಶುರುಮಾಡುವಷ್ಟರಲ್ಲಿ ಅವನು ತಡೆದ.

"ಸವಿನಯ ಬ್ಯಾಡ. ಸುಮ್ನ ಬರಿ. ಆ ಪರಿಚಯದ ಒಬ್ಬಾಂವ ನಾನ ಅಂತ ಬರಿ. ನಮಗೂ ಹೊತ್ತ ಮುಳಗೇತಿ ಅಂತ ಬರಿ."

ಬರೆದೆ. ನನ್ನ ಜೀವಮಾನದಲ್ಲಿ ನಮಸ್ಕಾರವಿಲ್ಲದೆ ಬರೆದ ಮೊದಲ ಅರ್ಜಿ ಅದು. ಕಳಿಸಲು ಚಾವಡಿಯ ಪುಟ ತೆರೆದರೆ, ಪರದೆ ಮೇಲಿಂದ ಕೆಳಗೆ ಬೆಳ್ಳಗೆ ಇಳಿಯಿತು. ಇಂಥ ಪುಟವಿಲ್ಲ ಎಂದಿತು. ಶೋಭಕ್ಕ ಬಂದು ಬೇರೆ ಬೇರೆ ರೀತಿಯಲ್ಲಿ ಹುಡುಕಿದಳು. ನಡೆಸುವವರಿಗೆ ಸಾಕಾಗಿ ಚಾವಡಿಯನ್ನು ಮುಚ್ಚಿಬಿಟ್ಟಿದ್ದರು. ಬಾಗಿಲ ಸಮೇತ ಹೋಗಿತ್ತು.

"ಏನಂತೈತಿ?" ಅಣ್ಣಾಸಾಹೇಬ ಕೇಳಿದ.

ಶೋಭಕ್ಕ ನನ್ನನ್ನು ನೋಡಿದಳು. ನಾನು ಕೀಲಿಗಳನ್ನು ನೋಡಿದೆ. "ಊರಿಗೆ ಹೋಗ್ಯಾರಂತ," ಎಂದೆ. ಅವನ ಮಾತನ್ನೇ ಅವನಿಗೆ ಕೊಟ್ಟೆ. ಅವನು ತಲೆಯಾಡಿಸಿದ. ಕೆಳಗಿನಿಂದ ಬರುತ್ತಿದ್ದ ತುಪ್ಪದ ವಾಸನೆಯನ್ನು ಮೂಸಿ, ಇವತ್ತಿನ ಅಂಟು ಹೆಚ್ಚು ಹುರಿದಿದ್ದಾರೆ ನೋಡು ಎಂದ.

ಕೊಕ್ಕರೆಯ ಉತ್ತರ ಏನಿತ್ತೋ ತಿಳಿಯಲಿಲ್ಲ. ಒಳ್ಳೆಯ ಸುದ್ದಿಯಾಗಿದ್ದರೆ ಎಲ್ಲರೆದುರು ಬರೆಯುತ್ತಿದ್ದರಲ್ಲ ಎಂದು ನಾನು ಸಮಾಧಾನ ಹೇಳಿಕೊಳ್ಳುತ್ತೇನೆ. ಅದು ಸಮಾಧಾನವಲ್ಲ ಎಂಬುದೂ ಗೊತ್ತು. ಶೋಭಕ್ಕ ಈಗ ಮೊಬೈಲಿಗೆ ಕರೆನ್ಸಿ ಹಾಕಿಕೊಡುತ್ತಾಳೆ. ಅಣ್ಣಾಸಾಹೇಬ ಈಗಲೂ ಹೊತ್ತು ಮುಳುಗುವುದರೊಳಗೆ ಉಣ್ಣುತ್ತಾನೆ. ಮೊದಲಿನದು ನೆಪ, ಈಗಿನದು ವ್ರತ. ಮುಳುಗಿತೋ ಇಲ್ಲವೋ ಎಂಬುದನ್ನು ಮಾತ್ರ ಇನ್ನೊಬ್ಬರನ್ನು ಕೇಳಬೇಕು.

ಪುಣೆಯಲ್ಲಿ ಯಾರೋ ಹೊಸ ವೈದ್ಯರು ನೋಡುತ್ತಾರೆ ಎಂದು ವೈನಿಗೆ ಯಾರೋ ಹೇಳಿದ್ದಾರೆ. ಅದಕ್ಕೇ ಈ ಎರಡು ಟಿಕೆಟ್ಟು. ನಿನ್ನೆ ಘಟಪ್ರಭಾ ಸ್ಟೇಶನ್ನಿಗೆ ಹೋಗಿ ಕುಳಿತೆವು. ವೈನಿ ಕಟ್ಟಿಕೊಟ್ಟ ಡಬ್ಬಿ ಅವನ ತೊಡೆಯ ಮೇಲಿತ್ತು. ಬಿಸಿಲಿರುವಾಗಲೇ ಉಣ್ಣು ಎಂದೆ. ಗಾಡಿ ಹೊರಟ ಮೇಲೆ ಕಿಟಕಿಯ ಹತ್ತಿರ ಕುಳಿತು ಉಣ್ಣಬೇಕೆಂಬುದು ಅವನ ಸಣ್ಣಂದಿನ ಆಸೆಯಂತೆ. ಗಾಡಿ ತಡವಾಯಿತು. ಸೂರ್ಯ ಹಳಿಯಾಚೆ ಕಬ್ಬಿನ ಮಟ್ಟಕ್ಕೆ ಬಂದ, ಇಳಿದ, ಹೋದ. ಪ್ಲಾಟ್‌ಫಾರ್ಮಿನ ದೀಪ ಇನ್ನೂ ಹತ್ತಿರಲಿಲ್ಲ. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಬರಿ ಚಹಾ ಬಿದ್ದಿತ್ತು.

"ಹೊತ್ತ ಐತೇನೋ ಬಸ್ಯಾ?"

"ಐತಿ. ಉಣ್ಣು."

ಅವನು ಡಬ್ಬಿಯ ಮುಚ್ಚಳ ತೆಗೆದ. ರೊಟ್ಟಿ ಮುರಿದ. ಆಮೇಲೆ ಕೈ ನಿಲ್ಲಿಸಿ ಕುಳಿತಿದ್ದ ಬೆಂಚಿನ ಕಬ್ಬಿಣದ ಪಟ್ಟಿಯ ಮೇಲೆ ಅಂಗೈ ಇಟ್ಟ. ಪಟ್ಟಿ ತಣ್ಣಗಾಗಿತ್ತು. ಹಳಿಯಾಚೆಯ ಹೊಲದಿಂದ ಹಕ್ಕಿಗಳ ಒಂದು ಸಾಲು ಒರಟು ದನಿಯಲ್ಲಿ ಕೂಗುತ್ತ ನಮ್ಮ ತಲೆಯ ಮೇಲಿಂದ ಹೊಳೆಯ ಕಡೆಗೆ ಹಾದುಹೋಯಿತು. ಅವನು ಮುಖವೆತ್ತಿ, ಆ ಸದ್ದು ಮುಗಿಯುವವರೆಗೂ ಹಾಗೆಯೇ ಇದ್ದ. ಅವು ಕೊಕ್ಕರೆಗಳೆಂದು ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಮುರಿದ ರೊಟ್ಟಿಯನ್ನು ಡಬ್ಬಿಯೊಳಗೆ ತಿರುಗಿ ಇಟ್ಟು, ಮುಚ್ಚಳ ಒತ್ತಿ, ಡಬ್ಬಿಯನ್ನು ನನ್ನ ತೊಡೆಯ ಮೇಲೆ ಇಟ್ಟ.

"ಅರ್ಜಿ ಬರಿಯಾಂವನ ಮಾತು," ಎಂದ. "ಸವಿನಯ ಐತಿ. ಖರೆ ಇಲ್ಲ."